ಅಮ್ಮ ಲ್ಯಾಮಿನೇಷನ್ ಮಾಡಿಸಿದ ಪದವಿ

ಮಾನ್ಯ ಪ್ರಮಾಣಪತ್ರ ದೃಢೀಕರಣಾಧಿಕಾರಿಗಳೇ,

ನನ್ನ ಎಂ.ಎ. ಪದವಿ ಪತ್ರಕ್ಕೆ ನನ್ನ ಅಮ್ಮ ಲ್ಯಾಮಿನೇಷನ್ ಮಾಡಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ತಮ್ಮ ಕಚೇರಿ ಅದರ ಮೇಲೆ ಮೊಹರು ಒತ್ತುತ್ತಿಲ್ಲ. ಮೊಹರಿಲ್ಲದಿದ್ದರೆ ಒಮಾನಿನ ಶಾಲೆಯೊಂದು ನನಗೆ ಕೊಡಲೊಪ್ಪಿರುವ ಇಂಗ್ಲಿಷ್ ಶಿಕ್ಷಕಿಯ ಕೆಲಸಕ್ಕೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ತಿಂಗಳ ಮೂವತ್ತರೊಳಗೆ ಕಾಗದ ತಲುಪದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಇವತ್ತು ಹದಿನಾಲ್ಕು. ನನಗೆ ಹೆದರಿಕೆಯಾಗುತ್ತಿದೆ. ಬಹಿರಂಗವಾಗಿ ಬರೆಯುತ್ತಿರುವುದು ಧೈರ್ಯದಿಂದಲ್ಲ, ಖಾಸಗಿಯಾಗಿ ಬರೆದ ಮೂರು ಅರ್ಜಿಗಳಿಗೆ ಉತ್ತರ ಬರಲಿಲ್ಲವೆಂದು.

ತಮಗೆ ನಮ್ಮ ಊರಿನ ವಿಷಯ ಸ್ವಲ್ಪ ತಿಳಿಸಬೇಕು. ಕಡಬ, ಪುತ್ತೂರು, ಸುಳ್ಯದ ಕಡೆ ಜೂನ್ ಬಂತೆಂದರೆ ಕಪಾಟಿನೊಳಗಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ನಾವು ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುವವರು. ರೇಷನ್ ಕಾರ್ಡು, ನಿಕಾಹ್ ಪತ್ರ, ಮಕ್ಕಳ ಪೋಲಿಯೊ ಚೀಟಿ, ಎಲ್ಲದಕ್ಕೂ. ಬೆಟ್ಟಂಪಾಡಿಯ ನನ್ನ ಮಾಮಿ ಕರೆಂಟ್ ಬಿಲ್ಲಿಗೂ ಮಾಡಿಸಿಟ್ಟಿದ್ದಾರೆ. ನನ್ನ ಪದವಿ ಪತ್ರ ಬಂದ ದಿನ ಅಮ್ಮ, ಐದನೇ ಕ್ಲಾಸು ಓದಿದ ಜೈನಬಮ್ಮ, ಅದನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಆಲಂಕಾರಿನಿಂದ ಬಸ್ಸು ಹತ್ತಿ ಕಡಬದ ಕಿಟ್ಟಣ್ಣನ ಝೆರಾಕ್ಸ್ ಅಂಗಡಿಗೆ ಹೋದರು. "ಇದ್ದದ್ದರಲ್ಲಿ ದಪ್ಪದ್ದು ಹಾಕಿ ಕಿಟ್ಟಣ್ಣ, ಇದು ನನ್ನ ಮಗಳದ್ದು" ಅಂದರಂತೆ. ಕಿಟ್ಟಣ್ಣ ದಪ್ಪದ್ದೇ ಹಾಕಿದ್ದಾರೆ.

ನಮ್ಮ ಕುಟುಂಬದಿಂದ ಗಲ್ಫಿಗೆ ಹೋದವರೆಲ್ಲ ಗಂಡಸರು. ಅಂಗಡಿಗೆ, ಹೋಟೆಲಿಗೆ, ಗಾಡಿ ಓಡಿಸಲಿಕ್ಕೆ. ಓದಿದ್ದನ್ನು ನಂಬಿ ಹೊರಟ ಮೊದಲನೆಯವಳು ನಾನು. ಆರು ವರ್ಷ ಇಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ, ಬಿ.ಎಡ್. ಮುಗಿಸಿದೆ, ವಿದೇಶದಲ್ಲಿ ಕಲಿಸಲು ಬೇಕೆಂದು ನೂರಿಪ್ಪತ್ತು ಗಂಟೆಯ ಆನ್‌ಲೈನ್ ಕೋರ್ಸನ್ನೂ ಮಾಡಿದೆ. ಆ ಶಾಲೆಯವರು ಎರಡು ಸಲ ವಿಡಿಯೊದಲ್ಲಿ ಪಾಠ ಮಾಡಿಸಿ ನೋಡಿದರು. ಅದರಲ್ಲೆಲ್ಲ ಪಾಸಾದೆ. ಕೊನೆಗೆ ಪ್ಲಾಸ್ಟಿಕ್ಕಿನದ್ದೊಂದು ಪರೀಕ್ಷೆ ಉಂಟೆಂದು ಯಾರೂ ಹೇಳಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ತಮ್ಮ ಕಿಟಕಿಯ ಮುಂದೆ ನಿಂತೆ. ಒಳಗಿದ್ದವರು ಪತ್ರವನ್ನು ಬೆರಳಲ್ಲಿ ಬಡಿದು ನೋಡಿ, "ಇದನ್ನ ತೆಗೆಸ್ಕೊಂಡು ಬನ್ನಿ ಮೇಡಂ, ಇಂಕ್ ನಿಲ್ಲಲ್ಲ" ಅಂದರು. ಹೇಗೆ ತೆಗೆಯುವುದು ಎಂದು ಕೇಳಿದೆ. "ಅದು ನಿಮ್ಮ ಪ್ರಾಬ್ಲಂ. ನೆಕ್ಸ್ಟ್" ಅಂದರು. ಹೇಗೋ ಲ್ಯಾಮಿನೇಷನ್‌ನಿಂದ ತಪ್ಪಿಸಿಕೊಂಡಿದ್ದ ನನ್ನ ಬಿ.ಎಡ್. ಪತ್ರದ ಒಂದು ಮೂಲೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಅದಕ್ಕೆ ಎರಡು ನಿಮಿಷದಲ್ಲಿ ಮೊಹರು ಬಿತ್ತು. ಹಾಳಾದದ್ದು ಅಸಲಿ, ಜೋಪಾನ ಮಾಡಿದ್ದು ಅನುಮಾನಾಸ್ಪದ! ತಮ್ಮ ಇಲಾಖೆಯ ವಿವೇಕಕ್ಕೆ ಎಂತ ಹೇಳುವುದು?

ಊರಿಗೆ ಬಂದು ಕಿಟ್ಟಣ್ಣನ ಹತ್ತಿರವೇ ಓಡಿದೆ. "ಎಂತ ಮಾರಾಯ್ತಿ, ಹಾಕುದು ನನಗೆ ಗೊತ್ತುಂಟು, ತೆಗೆಯುದು ಯಾರು ಕಲಿಸಿದ್ದಾರೆ?" ಎಂದು ತಲೆ ಕೆರೆದುಕೊಂಡರು. ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಎಳೆದರೆ ಬರುತ್ತದೆಂದು ಯಾರೋ ಹೇಳಿದ್ದರಂತೆ. ಮೊದಲು, ಅಮ್ಮ ಲ್ಯಾಮಿನೇಷನ್ ಮಾಡಿಸಿಟ್ಟಿದ್ದ ನನ್ನ ಕಾಲೇಜಿನ ಪ್ರಬಂಧ ಸ್ಪರ್ಧೆಯ ಬಹುಮಾನ ಪತ್ರದ ಮೇಲೆ ಪ್ರಯೋಗ ಮಾಡಿದೆವು. ಪ್ಲಾಸ್ಟಿಕ್ಕೇನೋ ಬಂತು. ಅದರ ಜೊತೆ ಪ್ರಾಂಶುಪಾಲರ ಸಹಿಯೂ ನನ್ನ ಅರ್ಧ ಹೆಸರೂ ಎದ್ದು ಬಂತು. ಕಿಟ್ಟಣ್ಣ ತಕ್ಷಣ ಸ್ವಿಚ್ ಆಫ್ ಮಾಡಿದರು. "ಬೇಡ ಮಗಳೇ, ಡಿಗ್ರಿಗೆ ನಾನು ಕೈ ಹಾಕುದಿಲ್ಲ" ಅಂದರು. ನಾನು ಪದವಿ ಪತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡೆ.

ಹೊಸ ಪ್ರತಿ ತರಬಹುದಲ್ಲ ಎನ್ನುತ್ತೀರಿ. ವಿಶ್ವವಿದ್ಯಾನಿಲಯದ ಅರ್ಜಿಯಲ್ಲಿ ಕಾರಣಕ್ಕೆ ಇರುವುದು ಎರಡೇ ಚೌಕ: ಕಳೆದುಹೋಗಿದೆ, ನಾಶವಾಗಿದೆ. ಜೋಪಾನವಾಗಿದೆ ಎಂಬ ಚೌಕ ಇಲ್ಲ. "ಕಳೆದುಹೋಗಿದೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡಿ, ಎಲ್ರೂ ಹಾಗೇ ಮಾಡುದು" ಎಂದು ಅಲ್ಲಿಯ ಗುಮಾಸ್ತರೇ ಹೇಳಿಕೊಟ್ಟರು. ಕೊಟ್ಟರೂ ಮೂರು ತಿಂಗಳಂತೆ. ಹೋಗಲಿ, ಕಪಾಟಿನಲ್ಲಿರುವ ಪತ್ರವನ್ನು ಕಳೆದುಹೋಗಿದೆ ಎಂದು ಸಹಿ ಹಾಕಿ, ಆ ಸುಳ್ಳಿನ ಮೇಲೆ ಇನ್ನೊಂದು ದೇಶಕ್ಕೆ ಹೋಗಿ ಮಕ್ಕಳ ಮುಂದೆ ನಿಲ್ಲಲೇ? ನಾಳೆ ಅಲ್ಲಿ ಯಾರಾದರೂ ಕೆದಕಿದರೆ ನನ್ನ ಪರವಾಗಿ ಮಾತಾಡಲು ತಾವು ಬರುತ್ತೀರಾ?

ಎಲ್ಲಕ್ಕಿಂತ ಸಂಕಟ ಅಮ್ಮನದ್ದು. "ನಾನೇ ಹಾಳು ಮಾಡಿದ್ದಲ್ವಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಇಲ್ಲಮ್ಮ ಎನ್ನುತ್ತೇನೆ. ಮೊನ್ನೆ ಅಡುಗೆಮನೆಗೆ ಹೋದರೆ ಪದವಿ ಪತ್ರದ ಅಂಚನ್ನು ಉಗುರಿನಿಂದ ಮೆಲ್ಲ ಕೆರೆಯುತ್ತಾ ಕೂತಿದ್ದರು. ಕೈಯಿಂದ ಕಿತ್ತುಕೊಂಡು ಬೈದುಬಿಟ್ಟೆ. ಹುಟ್ಟಿದಂದಿನಿಂದ ಅವರಿಗೆ ನಾನು ಹಾಗೆ ಬೈದದ್ದಿಲ್ಲ. ಈಗ ಅವರು ಆ ಕಪಾಟಿನ ಹತ್ತಿರವೂ ಹೋಗುವುದಿಲ್ಲ.

ಪ್ಲಾಸ್ಟಿಕ್ಕಿನೊಳಗಿಂದಲೂ ನನ್ನ ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಫೋನಿನಲ್ಲಿ ವಿಶ್ವವಿದ್ಯಾನಿಲಯವನ್ನು ಕೇಳಿ, ಬೇರೆ ಹಾಳೆಯ ಮೇಲೆ ಮೊಹರು ಒತ್ತಿ ಪತ್ರಕ್ಕೆ ಲಗತ್ತಿಸಿ. ನಾನು ಕೇಳುವುದು ಇಷ್ಟೇ. ಅದು ಸಾಧ್ಯವಿಲ್ಲವೆಂದಾದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪದವಿ ಪತ್ರದೊಂದಿಗೆ ತಮ್ಮ ಕಚೇರಿಗೆ ಬರುತ್ತೇನೆ, ಅಮ್ಮನೂ ಬರುತ್ತಾರೆ. ತಾವೇ ತಮ್ಮ ಕೈಯಾರೆ ಪ್ಲಾಸ್ಟಿಕ್ ತೆಗೆದುಕೊಡಿ. ಅಕ್ಷರ ಎದ್ದು ಬಂದರೆ ಅದು ಅಮ್ಮನ ತಪ್ಪಲ್ಲವೆಂದು ಅವರ ಎದುರಿಗೇ ಬರೆದು ಸಹಿ ಹಾಕಿ. ಇಸ್ತ್ರಿಪೆಟ್ಟಿಗೆ ನಾನು ತರುತ್ತೇನೆ. ತಾವು ಪ್ಲಗ್ ಪಾಯಿಂಟ್ ತೋರಿಸಿದರೆ ಸಾಕು.

ಇಂತಿ,
ಸೋಮವಾರದವರೆಗಾದರೂ ಪದವೀಧರೆಯಾಗಿರುವ
ರಸೀನಾ, ಆಲಂಕಾರು