ಸೋರುವ ಪದರ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಮೊಣಕಾಲು ನೋವು ಹೇಗಿದೆ? ನಾನು ಗುಂಡುಕಲ್ಲಿನಂತಿದ್ದೇನೆ. ಮಗಳು ನಮ್ಮ ಲ್ಯಾಬಿಗೇ ಸಂಶೋಧನೆಗೆ ಸೇರಿ ವರ್ಷವಾಯಿತು. ಅವಳ ಗೈಡು ನಾನಲ್ಲ, ನಮ್ಮ ಮುಖ್ಯಸ್ಥ.

ಆ ಮಹಾನುಭಾವನ ಪ್ರತಾಪ ಕೇಳು. ನಾವು ಮಾಡುವುದಿಷ್ಟೇ: ಬೇರಿಯಂ, ಟೈಟೇನಿಯಂ ಬೆರೆತ ದ್ರಾವಣವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ತೊಟ್ಟಿಕ್ಕಿ, ಗಿರ್ರನೆ ತಿರುಗಿಸಿ, ಜೆಲ್ಲಾದ ತೆಳು ಪದರವನ್ನು ನಿಧಾನವಾಗಿ ಒಣಗಿಸಿ ಕುಲುಮೆಗೆ ಇಡುವುದು. ಸರಿಯಾಗಿ ಬೆಂದರೆ, ಕರೆಂಟು ತೆಗೆದ ಮೇಲೂ ತನ್ನನ್ನು ಯಾವ ಕಡೆಗೆ ವಾಲಿಸಿದ್ದರೆಂಬುದನ್ನು ಆ ಪದರ ಮರೆಯುವುದಿಲ್ಲ. ಅದರ ಬೆಲೆಯೆಲ್ಲ ಆ ನೆನಪಿನಲ್ಲೇ ಇದೆ. ಅವಸರ ಮಾಡಿದರೆ ಬಿರುಕು. ಈತನಿಗೋ ಕಾಲ ಕೆಳಗೆ ಬೆಂಕಿ. "ಉರಿ ಜಾಸ್ತಿ ಮಾಡ್ರೀ, ಇದೇನು ಬಾಣಂತನಾನಾ?" ಎಂದು ಕೂಗಾಡಿದ.

ಪದರ ಬಿರಿಯಿತು, ಕರೆಂಟು ಸೋರಿತು. ಸೋರುವ ಪದರವನ್ನು ಅಳೆದರೂ ಪರದೆಯ ಮೇಲೆ ಕುಣಿಕೆಯಂಥ ಒಂದು ಗೆರೆ ಮೂಡುತ್ತದೆ, ಬದನೆಕಾಯಿಯಂತೆ ದುಂಡಗೆ. ನಿಜವಾಗಿ ನೆನಪಿಟ್ಟುಕೊಳ್ಳುವ ಪದರದ ಕುಣಿಕೆಗೆ ತುದಿ ಚೂಪು. ನಮ್ಮ ಪಂಡಿತರು ಬದನೆಕಾಯಿ ಕಂಡು ಚಪ್ಪಾಳೆ ತಟ್ಟಿದರು! ಮೊದಲ ವರ್ಷದ ಪಾಠ ಇದು. ಥೂ, ಇವರ ಪದವಿಗಿಷ್ಟು!

ಶುಕ್ರವಾರದ ಸಭೆಯಲ್ಲಿ ಎದ್ದು ನಿಂತೆ. "ಸರ್, ಇದು ಬರೀ ಸೋರಿಕೆ. ಲೇಖನ ಕಳಿಸಬೇಡಿ, ಇನ್ನೊಂದ್ಸಲ ನಿಧಾನಕ್ಕೆ ಒಣಗಿಸಿ ನೋಡೋಣ" ಎಂದೆ. ಆತ ನಕ್ಕ. "ಮೇಡಂ, ನಿಮಗೆ ಎಲ್ಲಿ ನೋಡಿದ್ರೂ ತೂತೇ ಕಾಣುತ್ತಲ್ಲ!" ಎಂದ. ಉಳಿದವರು ಹಲ್ಲು ಕಿಸಿದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ನನ್ನ ಹೆಸರು ತೆಗೆಸಿಬಿಟ್ಟೆ. ಲೇಖನ ನಾಳೆ ಪತ್ರಿಕೆಗೆ ಹೋಗುತ್ತದೆ. ಯಾರಾದರೂ ಮತ್ತೆ ಅಳೆದು ನೋಡಿದ ದಿನ, ಅದರಲ್ಲಿ ಹೆಸರಿದ್ದವರ ಮುಖಕ್ಕೆಲ್ಲ ಮಸಿ. ಹಾಳಾಗಿ ಹೋಗಲಿ, ನನಗೇನಂತೆ?

ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನೀನೂ ಮಕ್ಕಳೂ ನೂರ್ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ತಾ.ಕ.: ಲೇಖನದಲ್ಲಿ ಮೊದಲ ಹೆಸರು ಮಗಳದು. ಆತ ನಕ್ಕಾಗ ನಾನು ಅವಳ ಮುಖ ನೋಡಿದೆ. "ಮೇಡಂದು ಹಳೇ ಕಾಲದ ಹೆದರಿಕೆ ಸರ್, ಮುಂದಕ್ಕೆ ಹೋಗೋಣ" ಎಂದಳು. ತಿಳಿಯದೆ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ ಪುಟ್ಟಿ. ಹಿಂದಿನ ಸಂಜೆ ಅಡುಗೆಮನೆಯಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು, "ಅಮ್ಮಾ, ಆ ಫಿಲ್ಮ್ ಸೋರ್ತಿದೆ" ಅಂತ ಹೇಳಿದವಳು ಅವಳೇ.