ಗಿರಣಿ ತಿರುವನ್ನು ಇಳಿಯುವ ಬಗೆ

ಓಸ್ಟರ್‌ಸುಂಡ್, ಆಸ್ಪತ್ರೆಯಿಂದ
9 ಫೆಬ್ರವರಿ 1977

ಪ್ರೀತಿಯ ರೂನೆ,

ನೀನು, ವೆಂಡೆಲಾ, ಯೋರಾನ್, ಶಾಲೆಮನೆಯ ಉಳಿದವರು ಎಲ್ಲರೂ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ತಡವಾದದ್ದಕ್ಕೆ ಬೇಸರಪಡಬೇಡ. ಅಂಗಾತ ಮಲಗಿ ಬರೆಯುವುದನ್ನು ಕಲಿಯಬೇಕಾಯಿತು. ಮೇಲ್ಮುಖವಾಗಿ ಹಿಡಿದರೆ ಪೆನ್ನಿನಲ್ಲಿ ಶಾಯಿ ಇಳಿಯುವುದಿಲ್ಲ, ಅದಕ್ಕೇ ಈ ಪೆನ್ಸಿಲ್. ಇನ್ನೊಂದು ಕಾರಣವೂ ಇದೆ. ನಾನು ಕೇಳಿದ್ದಕ್ಕೆ ಉತ್ತರ ಯಾವ ಮೂಲೆಯಲ್ಲಾದರೂ ಸಿಕ್ಕೀತೇ ಎಂದು ನಿನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದೆ.

ನಾನು ಕೇಳಿದ್ದು ಒಂದೇ ಮಾತು. ವಸಂತದಲ್ಲಿ ಇಲ್ಲಿಂದ ಬಿಟ್ಟ ಮೇಲೆ ಹಳೆಯ ಶಾಲೆಯಲ್ಲಿ ನಾವೆಲ್ಲ ಕೂಡಿ ಹೂಡಿದ ಆ ಶಾಲೆಮನೆಗೆ ವಾಪಸ್ ಬರಬಹುದೇ, ಗಾಲಿಕುರ್ಚಿಯ ಜೊತೆ? ನೀನು ಬರೆದದ್ದು ಬೇರೆ. ಈಗ ವ್ಯಾನ್ ಓಡಿಸುವವನು ನೀನೊಬ್ಬನೇ, ರೊಟ್ಟಿ ತಲುಪಿಸಲು ವಾರಕ್ಕೊಮ್ಮೆ ಕಣಿವೆಗೆ ಇಳಿಯಲೇಬೇಕು, ಗಿರಣಿ ತಿರುವು ಹತ್ತಿರ ಬಂದರೆ ಅಂಗೈ ಬೆವರುತ್ತದೆ, ಹಿಂದಿನ ಎರಡೇ ಚಕ್ರ ತಳ್ಳುವ ಗಾಡಿಯನ್ನು ಹಿಮದಲ್ಲಿ ಇಳಿಸುವುದು ಹೇಗೆ, ಹೇಳಿಕೊಡು ಎಂದು. ಆಗಲಿ. ನಿನ್ನ ಪ್ರಶ್ನೆಗೇ ಮೊದಲು ಉತ್ತರ.

ಹೊರಡುವ ಮುಂಚೆ ಗಾಡಿಯ ನೆತ್ತಿಯ ಮೇಲಿನ ಹಿಮವನ್ನೆಲ್ಲ ಗುಡಿಸು. ಗಾಜಿನ ಹಿಮದಲ್ಲಿ ಎರಡು ತೂತು ಕೆರೆದುಕೊಂಡು ಹೊರಡುವುದು ನಿನ್ನ ಅಭ್ಯಾಸ. ಇಳಿಜಾರಿನಲ್ಲಿ ಆ ನೆತ್ತಿಯ ಹಿಮ ಜಾರಿ ಗಾಜಿನ ಮೇಲೆ ಬಿದ್ದರೆ ಕುರುಡನಾಗುತ್ತೀಯ. ಗುದ್ದಲಿ, ಒಣ ಮರಳು, ಕಂಬಳಿ, ಚಕ್ರದ ಸರಪಳಿ ಗಾಡಿಯಲ್ಲೇ ಇರಲಿ. ಸರಪಳಿಯನ್ನು ಹಿಂದಿನ ಚಕ್ರಗಳಿಗೆ ಹಾಕಬೇಕು, ಅದೂ ಸಮತಟ್ಟಿನಲ್ಲಿ ನಿಂತಿರುವಾಗಲೇ. ಏರಿನ ನಡುವೆ ಸಿಕ್ಕಿಕೊಂಡ ಮೇಲೆ ಹಾಕುತ್ತೇನೆ ಅನ್ನುವವನ ಬೆರಳೂ ಹೋಗುತ್ತದೆ, ಗಾಡಿಯೂ ಹೋಗುತ್ತದೆ. ಚಳಿ ಕಡುವಾಗಿದ್ದ ದಿನ ಹೆದರಬೇಡ, ಆಗ ಹಿಮ ಒಣಗಿ ಗಟ್ಟಿಯಾಗಿ, ಚಳಿಗಾಲಕ್ಕೆಂದು ಟೈರಿಗೆ ಕೂರಿಸಿದ ಮೊಳೆಗೆ ಹಿಡಿತ ಕೊಡುತ್ತದೆ. ಸೂರಿನಿಂದ ನೀರು ತೊಟ್ಟಿಕ್ಕಲು ಶುರುವಾದ ದಿನ ಹೆದರು. ಒದ್ದೆ ಮಂಜುಗಡ್ಡೆ ಯಾರ ಮಾತನ್ನೂ ಕೇಳುವುದಿಲ್ಲ. ಅಂಥ ದಿನ ರೊಟ್ಟಿ ಮನೆಯಲ್ಲೇ ಇರಲಿ. ಒಂದು ವಾರ ರೊಟ್ಟಿ ಇಲ್ಲದಿದ್ದರೆ ಕಣಿವೆಯವರು ಸಾಯುವುದಿಲ್ಲ.

ಅಮ್ಮ ಅಂಚೆ ಗಾಡಿ ಓಡಿಸುತ್ತಿದ್ದಳು ಎಂದು ನಿನಗೆ ಗೊತ್ತು. ನನಗೆ ಕಾಲು ಪೆಡಲಿಗೆ ಎಟುಕಿದ ಚಳಿಗಾಲವೇ ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಡಿಗೆ ಕೂರಿಸಿದಳು. ಬೇಕೆಂದೇ ಜಾರಿಸುವುದು, ಮತ್ತೆ ಹಿಡಿತಕ್ಕೆ ತರುವುದು, ಮತ್ತೆ ಜಾರಿಸುವುದು. ಅಷ್ಟೇ ಪಾಠ. ಅಲ್ಲಿ ಗುದ್ದಲು ಮರವಿಲ್ಲ, ಬೀಳಲು ಹಳ್ಳವಿಲ್ಲ. ಯೋರಾನನನ್ನೂ ಕೆರೆಗೆ ಕರೆದೊಯ್ಯುತ್ತೇನೆ ಎಂದು ನವೆಂಬರಿನ ಸಭೆಯಲ್ಲಿ ಹೇಳಿದ್ದೆ, ನೆನಪಿದೆಯಾ? ಅವನು ದಕ್ಷಿಣದ ಬಯಲುಸೀಮೆಯವನು, ಹಿಮವನ್ನು ಕಿಟಕಿಯಿಂದ ನೋಡಿದವನು. ಆಗ ನೀನು ಒಲೆಯ ಪಕ್ಕ ಎದ್ದು ನಿಂತೆ.

"ಇವತ್ತು ಒಬ್ಬಳು ಮೇಷ್ಟ್ರಾಗ್ತಾಳೆ, ನಾಳೆ ಅವಳೇ ಯಜಮಾನಿ ಆಗ್ತಾಳೆ. ಸರದಿ ಅಂದ್ರೆ ಸರದಿ ಕಣೇ ಗುನ್ವೋರ್. ಓಡಿಸ್ತಾ ಓಡಿಸ್ತಾ ಅವನೇ ಕಲೀತಾನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಯೋರಾನನೂ ತಟ್ಟಿದ.

ಕೌಶಲ ಯಾರ ಖಾಸಗಿ ಸೊತ್ತೂ ಅಲ್ಲ ಎಂದು ಆ ಹಳದಿ ರಟ್ಟಿನ ಕರಪತ್ರದಲ್ಲಿ ಓದಿ ನಾವಿಬ್ಬರೂ ರಾತ್ರಿಯೆಲ್ಲ ನಿದ್ದೆ ಬಿಟ್ಟಿದ್ದೆವು. ಅದನ್ನು ನಾನು ಈಗಲೂ ನಂಬುತ್ತೇನೆ, ಈ ಹಾಸಿಗೆಯಲ್ಲಿ ಇನ್ನೂ ಗಟ್ಟಿಯಾಗಿ. ಆದರೆ ನೀವು ಹಂಚಿಕೊಂಡದ್ದು ಸರದಿಯನ್ನು, ಕೌಶಲವನ್ನಲ್ಲ. ಗೊತ್ತಿಲ್ಲದವನ ಕೈಗೆ ಸ್ಟೀರಿಂಗ್ ಕೊಟ್ಟು ಅದನ್ನು ಸಮಾನತೆ ಎಂದಿರಿ. ಹಿಮ ಗುಡಿಸುವ ಟ್ರಾಕ್ಟರಿನ ಹಾಲ್ವಾರ್ ನಮ್ಮನ್ನು ಕಂಡಾಗಲೆಲ್ಲ ಹೇಳುತ್ತಿದ್ದನಲ್ಲ: "ಎರಡು ಚಕ್ರ ದುಡೀತವೆ, ಇನ್ನೆರಡು ಸುಮ್ನೆ ಉರುಳ್ಕೊಂಡು ಬರ್ತವೆ. ನಿಮ್ಮ ಶಾಲೆಮನೆಗೆ ಹೇಳಿ ಮಾಡಿಸಿದ ಗಾಡಿ ಕಣ್ರೋ ಮಕ್ಕಳಾ." ನೀನು ಅವನನ್ನು ಪ್ರತಿಗಾಮಿ ಎಂದು ಬೈಯುತ್ತಿದ್ದೆ. ನಾನು ನಗುತ್ತಿದ್ದೆ.

ಇಳಿಯುವುದು ಹೀಗೆ. ಗಿರಣಿಯ ಹೊಗೆಗೂಡು ಕಾಣುವುದಕ್ಕೆ ಮುಂಚೆ, ರಸ್ತೆ ಇನ್ನೂ ನೇರವಾಗಿರುವಾಗಲೇ, ಎರಡನೇ ಗೇರಿಗೆ ಬಾ. ಕ್ಲಚ್ಚನ್ನು ಮೆಲ್ಲಗೆ ಬಿಡು. ಧಡಕ್ಕನೆ ಬಿಟ್ಟರೆ ಹಿಂದಿನ ಚಕ್ರ ಅಲ್ಲೇ ಜಾರುತ್ತದೆ. ಆಮೇಲೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸಲಿ. ಬ್ರೇಕಿನ ಕೆಲಸವೆಲ್ಲ ತಿರುವಿಗೆ ಮೊದಲೇ ಮುಗಿಯಬೇಕು, ಅದೂ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ. ತಿರುವಿನೊಳಗೆ ಬ್ರೇಕ್ ಮುಟ್ಟಬೇಡ. ಹಿಂಭಾಗ ಹೊರಕ್ಕೆ ಎಳೆದರೆ ಎರಡೂ ಪೆಡಲಿನಿಂದ ಕಾಲು ತೆಗೆ, ಬಾಲ ಯಾವ ಕಡೆ ಹೋಯಿತೋ ಆ ಕಡೆಗೇ ಸ್ಟೀರಿಂಗ್ ತಿರುಗಿಸು, ಹೋಗಬೇಕಾದ ದಾರಿಯನ್ನೇ ನೋಡು. ಹಳ್ಳವನ್ನು ನೋಡಿದರೆ ಕೈ ಹಳ್ಳಕ್ಕೇ ಹೋಗುತ್ತದೆ. ಅಂಚಿಗೆ ಸರಿಯಬೇಡ. ಹಾಲ್ವಾರ್ ರಸ್ತೆಯಾಚೆಗೂ ಗುಡಿಸುತ್ತಾನೆ, ಅಲ್ಲಿ ರಸ್ತೆಯ ಹಾಗೆ ಕಾಣುವುದು ಹಳ್ಳದ ಮೇಲಿನ ಬರೀ ಹಿಮ. ತೀರಾ ಕೈಮೀರಿದರೆ ಬೆಟ್ಟದ ಕಡೆಯ ಹಿಮದ ಗುಡ್ಡೆಗೆ ಗಾಡಿಯನ್ನು ಒರಗಿಸು. ಬಣ್ಣ ಹೋಗಲಿ.

ಯೋರಾನನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಸರದಿ ಬಂದ ದಿನ ನಾನು ವ್ಯಾನಿನ ಹಿಂಭಾಗದಲ್ಲಿ ನೆಲದ ಮೇಲೆ ಕೂತು ರೊಟ್ಟಿಯ ಪೆಟ್ಟಿಗೆಗಳನ್ನು ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಬೆಸುಗೆಗೆಂದು ಒಯ್ಯುತ್ತಿದ್ದ ಒಲೆಯ ಕಬ್ಬಿಣದ ಹಂಚು, ಹಗ್ಗ ಕಟ್ಟದೆ ಇಟ್ಟದ್ದು. ತಿರುವಿನಲ್ಲಿ ಅವನು ಹೆದರಿ ಬ್ರೇಕಿನ ಮೇಲೆ ನಿಂತೇಬಿಟ್ಟ. "ಹಿಡೀತಾ ಇಲ್ಲ, ಗುನ್ವೋರ್, ಹಿಡೀತಾ ಇಲ್ಲ" ಅಂದ, ಚಿಕ್ಕ ಮಗು ಅಮ್ಮನಿಗೆ ಹೇಳುವ ಹಾಗೆ. ಕಾಲು ತೆಗೆ ಎಂದು ಕೂಗಿದೆ. ಕೂಗಿ ಕಲಿಸುವ ಪಾಠವಲ್ಲ ಅದು. ಗಾಡಿ ಹಳ್ಳಕ್ಕೆ ಹೋಯಿತು, ಹಂಚು ನನ್ನ ಬೆನ್ನಿನ ಮೇಲೆ ಬಂತು.

ಏರುವಾಗ ಕೆಳಗಿನಿಂದಲೇ ಹದವಾದ ವೇಗ ತೆಗೆದುಕೋ, ನಡುವೆ ನಿಲ್ಲಬೇಡ, ಕಾಲನ್ನು ಒತ್ತಲೂ ಬೇಡ ಎತ್ತಲೂ ಬೇಡ. ಚಕ್ರ ಇದ್ದಲ್ಲೇ ತಿರುಗಿದರೆ ಸಿಟ್ಟಿನಿಂದ ಒತ್ತುವುದು ನಿನ್ನ ಸ್ವಭಾವ, ಅದು ಹಿಮವನ್ನು ಕನ್ನಡಿ ಮಾಡುತ್ತದೆ. ನೇರ ಹಿಂದಕ್ಕೆ ಇಳಿದು ಮತ್ತೆ ಶುರುಮಾಡು. ಸಿಕ್ಕಿಹಾಕಿಕೊಂಡು ಎಂಜಿನ್ ಓಡಿಸುತ್ತ ಕೂರಬೇಕಾದರೆ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆ, ಇಲ್ಲವಾದರೆ ಹೊಗೆ ಒಳಗೇ ತುಂಬಿ ಬೆಚ್ಚಗೇ ಸಾಯುತ್ತೀಯ.

ಇಲ್ಲಿಯ ಸುದ್ದಿ ಹೆಚ್ಚಿಲ್ಲ. ದಿನಾ ಇಬ್ಬರು ಬಂದು ನನ್ನ ಮಗ್ಗುಲು ಬದಲಾಯಿಸುತ್ತಾರೆ. ಪಕ್ಕದ ಹಾಸಿಗೆಯ ಎಲ್ನಾ ಅಜ್ಜಿ ಸೊಂಟ ಮುರಿದುಕೊಂಡಿದ್ದಾಳೆ. ನಾನು ಕ್ರಾಂತಿಯ ಬಗ್ಗೆ ಹೇಳುತ್ತೇನೆ, ಅವಳು ಕಾಫಿ ತಣ್ಣಗಿದೆ ಎನ್ನುತ್ತಾಳೆ. ಹೋದ ವಾರ ವೆಂಡೆಲಾ ಬಂದಿದ್ದಳು. ರೊಟ್ಟಿ ತಂದಿದ್ದಳು, ಅಂಚು ಸೀದಿತ್ತು. ಕೋಟನ್ನೂ ಬಿಚ್ಚದೆ ಕೂತಳು. ಸುಮಾರು ಹೊತ್ತು ಮೇಕೆಯ ವಿಷಯ ಮಾತಾಡಿದ ಮೇಲೆ, ಸಭೆ ನಡೆಯಿತು ಅಂದಳು. ನಾನು ಬರುವಂತಿಲ್ಲವಂತೆ. ಸರದಿಯ ಕೆಲಸ ಮಾಡಲಾಗದವರು ಅತಿಥಿಗಳು, ಅತಿಥಿಗಳಿಗೆ ಎರಡು ವಾರ ಎಂದು ಗೋಡೆಗೆ ಅಂಟಿಸಿದ ನಿಯಮದಲ್ಲೇ ಇದೆಯಲ್ಲ ಅಂದಳು.

ಇದೆ. ಆ ವಾಕ್ಯ ನನ್ನದು. ಬೇಸಿಗೆಗೆ ಬಂದು ಹುಲ್ಲಿನ ಮೇಲೆ ಮಲಗಿ ಭಾಷಣ ಬಿಗಿಯುವ ನಗರದ ಹುಡುಗರಿಗಾಗಿ ಬರೆದದ್ದು. ಒಂದೊಂದೇ ಸೀಸದ ಅಕ್ಷರ ಜೋಡಿಸಿ ನನ್ನ ಕೈಯಚ್ಚಿನ ಯಂತ್ರದಲ್ಲಿ ನಾನೇ ಮುದ್ರಿಸಿದ್ದು. ಈಗ ಅದನ್ನು ನನಗೇ ಓದಿ ಹೇಳಿದ್ದೀರಿ. ಕೂತು ಮಾಡುವ ಕೆಲಸ ಆ ಮನೆಯಲ್ಲಿ ಎಷ್ಟಿಲ್ಲ, ರೂನೆ? ಹಿಟ್ಟು ನಾದುವುದು, ಅಚ್ಚು ಜೋಡಿಸುವುದು, ನಿಮಗೆ ಗಾಡಿ ಓಡಿಸಲು ಕಲಿಸುವುದು. ಕಲಿಸಬೇಡ ಎಂದವನಿಗೆ ಇಲ್ಲಿ ಮಲಗಿಕೊಂಡೇ ಕಲಿಸುತ್ತಿದ್ದೇನೆ, ಇದು ಕೆಲಸವಲ್ಲವೇ? ಅಟ್ಟದ ಕೋಣೆ ನನಗಿನ್ನು ಬೇಡ, ಆ ಮೆಟ್ಟಿಲು ನಾನು ಹತ್ತಲಾರೆ. ಕೆಳಗೆ ಒಲೆಯ ಪಕ್ಕ ಒಂದು ಮೂಲೆ ಸಾಕಿತ್ತು.

ಈ ಕಾಗದವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು. ಯೋರಾನನನ್ನು ಕೆರೆಗೆ ಕರೆದುಕೊಂಡು ಹೋಗು, ಮಂಜುಗಡ್ಡೆ ಮಾರ್ಚಿನವರೆಗೂ ಗಾಡಿಯ ಭಾರ ತಡೆಯುತ್ತದೆ. ನಿನ್ನ ರಸ್ತೆ ಗಟ್ಟಿಯಾಗಿರಲಿ, ಟೈರಿನ ಮೊಳೆ ಸವೆಯದಿರಲಿ, ಪ್ರತಿ ಸಲವೂ ಒಲೆ ಆರುವುದರೊಳಗೆ ಮನೆ ಸೇರು. ನಿನಗೆ ಏನೂ ಆಗಬಾರದು.

ನಿನ್ನ,
ಗುನ್ವೋರ್

ಮರೆತಿದ್ದೆ: ಆ ಸಭೆಯಲ್ಲಿ ನಾನು ಬರಬಾರದು ಎಂದು ಮೊದಲು ಎತ್ತಿದ ಕೈ ಯಾರದು ಎಂದು ವೆಂಡೆಲಾ ಹೇಳಿದಳು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. "ರೂನೆ ಎತ್ತಿದ ಮೇಲೇನೇ ನಾವು ಎತ್ತಿದ್ದು ಕಣೇ" ಅಂದಳು, ನನಗೆ ಸಮಾಧಾನವಾಗಲಿ ಎಂಬಂತೆ. ಯೋರಾನ್ ಒಬ್ಬ ಎತ್ತಲಿಲ್ಲವಂತೆ, ಎದ್ದು ಕೊಟ್ಟಿಗೆಗೆ ಹೋದನಂತೆ. ನನ್ನ ಸೀಸದ ಅಕ್ಷರಗಳ ಪೆಟ್ಟಿಗೆಗಳನ್ನೆಲ್ಲ ನೀನು ಅಟ್ಟದಿಂದ ಇಳಿಸಿ, ಹಿಂದಿನ ಚಕ್ರಕ್ಕೆ ಭಾರ ಬಿದ್ದು ಹಿಡಿತ ಸಿಗಲೆಂದು ವ್ಯಾನಿನ ಹಿಂದೆ ಹಾಕಿಕೊಂಡಿದ್ದೀಯ ಎಂದೂ ಹೇಳಿದಳು. ಅದೊಂದು ಸರಿ ಮಾಡಿದೆ. ಆದರೆ ತೀರಾ ಹಿಂದೆ ಇಡಬೇಡ, ಹಿಂಚಕ್ರದ ಅಚ್ಚಿನ ಮೇಲೆ ನೇರವಾಗಿ ಬರಲಿ. ಹಗ್ಗದಿಂದ ಬಿಗಿದು ಕಟ್ಟು, ಎಳೆದು ನೋಡಿ ಇನ್ನೊಮ್ಮೆ ಕಟ್ಟು. ಅವನ್ನು ನಾನು ಹಿಮ ಕರಗುವ ತನಕ ವಾಪಸ್ ಕೇಳುವುದಿಲ್ಲ. ಅವು ಇಲ್ಲದೆ ಗಿರಣಿ ತಿರುವು ಇಳಿಯಬೇಡ.