ಕ್ರಿಸ್‌ಮಸ್ ತಾತ ಬಿಟ್ಟ ಜಾಗ

ಯಾನ್ ಅಣ್ಣಾ, ಕೇಳುವಂಥವರಾಗಿ!

ನಮ್ಮ ನಾಟಕ ಮಂಡಳಿಯ ಮುದಿ ಸೇನಾಪತಿ ನಾನು ಇಂದು ಚೆಂಗ್ಡುವಿನಲ್ಲಿ ಕ್ರಿಸ್‌ಮಸ್ ತಾತನಾದೆ! ನಿಮ್ಮನ್ನು ಹುಡುಕಿಕೊಂಡು ಬಂದು ಒಂಬತ್ತು ದಿನವಾಯಿತು. ನೀವಿದ್ದ ಓಣಿಯಲ್ಲಿ ನಿಮ್ಮ ಸುದ್ದಿ ಬಲ್ಲವರಿಲ್ಲ. ಈ ಕಾಗದ ಕಳಿಸಲು ವಿಳಾಸವೂ ಇಲ್ಲ. ಬರಿಗೈಯಲ್ಲಿ ಊರಿಗೆ ಮರಳುವ ಮನಸ್ಸಾಗದೆ ಒಂದು ಮಾಲ್‌ನಲ್ಲಿ ಕೆಂಪಂಗಿ ತೊಟ್ಟೆ.

ವೇದಿಕೆ ಹತ್ತಿದವನೇ ಅಭ್ಯಾಸಬಲದಿಂದ ಬಿಳಿ ಗಡ್ಡವನ್ನು ಎರಡೂ ಕೈಯಲ್ಲಿ ಸವರಿ, ಕಣ್ಣರಳಿಸಿ ಗುಡುಗಿದೆ. ಮೇಲ್ವಿಚಾರಕಿ ಪೂ ಕೆಳಗಿನಿಂದ ಕೂಗಿದಳು:

"ಅಯ್ಯೋ ತಾತ, ಯಾರ ಮೇಲೆ ದಂಡೆತ್ತಿ ಹೊರಟ್ರಿ? ಮಕ್ಕಳು ಅಳ್ತಿದಾವೆ, ಸ್ವಲ್ಪ ನಗ್ರೀ!"

ನಕ್ಕೆ.

"ಪಕ್ಕದಲ್ಲಿ ಯಾಕೆ ನಿಂತ್ರಿ? ನಡುವಿಗೆ ಬನ್ನಿ. ಅರ್ಧ ಜಾಗ ಯಾರಿಗೆ ಬಿಟ್ಟಿದೀರಾ?"

ನೋಡಿಕೊಂಡೆ. ನಮ್ಮ ಜೋಡಿ ಪ್ರವೇಶದಲ್ಲಿ ನಿಲ್ಲುತ್ತಿದ್ದಂತೆ, ನಿಮ್ಮ ಜಾಗ ಬಿಟ್ಟು ಎಡಕ್ಕೆ ನಿಂತಿದ್ದೆ.

"ಜೊತೆಯವರು ಬರ್ಬೇಕು, ತಾಯಿ."

"ಕ್ರಿಸ್‌ಮಸ್ ತಾತ ಒಬ್ನೇ ಕಣ್ರೀ!"

ಮಿಯಾನ್‌ಯಾಂಗ್‌ನ ನಾಟಕದಲ್ಲಿ ಆ ಸಂಜೆ ನೀವು ರಂಗಕ್ಕೆ ಬರುವ ಮೊದಲೇ ನಾನು ನಡುವೆ ನಿಂತು, ನಿಮ್ಮ ಪದಗಳನ್ನೂ ಹಾಡಿ ಚಪ್ಪಾಳೆ ಗಿಟ್ಟಿಸಿದೆ. ಮರುದಿನ ನೀವು ಪೆಟ್ಟಿಗೆ ಕಟ್ಟಿ ಮಂಡಳಿ ಬಿಟ್ಟು ಹೋದಿರಿ. ಇದನ್ನು ಆ ಹುಡುಗಿ ಪೂಗೆ ಹೇಗೆ ಹೇಳಲಿ?

ಮಕ್ಕಳನ್ನೆಲ್ಲ ಎಡಕ್ಕೇ ಕರೆದು ಮಿಠಾಯಿ ಕೊಟ್ಟೆ, ಅಣ್ಣಾ. ನಡುವಿಗೆ ಹೋಗಲಿಲ್ಲ.